ಒತ್ತಿದರೆ ಚೌಕಕ್ಕೆ ಏನಾಗುತ್ತದೆ? ನಕ್ಷೆ ತಂತ್ರಾಂಶದ ಬಟನ್‌ಗಳಿಗೆ ಕನ್ನಡ ಹೆಸರಿಡುವ ಕೆಲಸ

ಹತ್ತಾರು ಜನ ಒಟ್ಟಿಗೆ ಕೂತು, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಊರುಗಳನ್ನು ಸೇರಿಸುವಾಗ ಕೆಲಸ ಹಂಚಿಕೊಡುವುದು ಟಾಸ್ಕಿಂಗ್ ಮ್ಯಾನೇಜರ್. ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್ ಬೆಳೆಸಿದ ಮುಕ್ತ ತಂತ್ರಾಂಶ ಇದು. ನಕ್ಷೆ ಆಗಬೇಕಾದ ಪ್ರದೇಶವನ್ನು ಚೌಕಗಳಾಗಿ ಕತ್ತರಿಸುತ್ತದೆ, ಒಂದು ಸಲಕ್ಕೆ ಒಂದು ಚೌಕ ಒಬ್ಬರ ಕೈಯಲ್ಲಿ ಮಾತ್ರ ಇರುವಂತೆ ನೋಡಿಕೊಳ್ಳುತ್ತದೆ. ಧಾರವಾಡ ಜಿಲ್ಲೆಯಲ್ಲಿ ಹರಿದು ಮಲಪ್ರಭೆ ಸೇರುವ ಬೆಣ್ಣಿಹಳ್ಳದ ಆಸುಪಾಸಿನ ಊರುಗಳು, ಗದಗ-ಬೆಟಗೇರಿಯ ಓಣಿಗಳು, ಹಾವೇರಿ ಕಡೆಯ ಹೊಲದ ದಾರಿಗಳು, ಇವನ್ನೆಲ್ಲ ಇಲ್ಲಿನವರೇ ಬರೆಯುವ ಯೋಜನೆಗೆ ಪರದೆ ಕನ್ನಡದಲ್ಲಿರಬೇಕು. ಆ ಪರದೆಯ ಬಟನ್‌ಗಳಿಗೆ ಹೆಸರು ಆರಿಸಿದ ಕ್ರಮ, ಎಲ್ಲೆಲ್ಲಿ ಎಡವಟ್ಟಾಗುತ್ತದೆ, ಅದಕ್ಕೆ ಕಾರಣವೇನು ಎಂಬುದು ಈ ಟಿಪ್ಪಣಿ.

ಮೊದಲೇ ಹೇಳಬೇಕಾದ ಮಾತು: ಇಂಗ್ಲಿಷ್ ಪದದ ಪಕ್ಕ ಕನ್ನಡ ಪದ ಬರೆದುಕೊಂಡು ಹೋದರೆ ಈ ಕೆಲಸ ಕೆಡುತ್ತದೆ. ಬಟನ್ ಒತ್ತಿದ ಮೇಲೆ ಚೌಕ ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗುತ್ತದೆ ಎಂಬುದನ್ನು ಹೇಳುವ ಹೆಸರೇ ಒಳ್ಳೆಯ ಹೆಸರು. ಅದಕ್ಕಾಗಿ ಮೊದಲು ಸ್ಥಿತಿಗಳ ಪಟ್ಟಿ, ಆಮೇಲೆ ಬಟನ್.

ಸಿದ್ಧತೆ

ಪ್ರಯೋಗಕ್ಕೆ ಒಂದು ಸ್ಥಳೀಯ ಪ್ರತಿ ಬೇಕು. ಮೂಲ ಕೋಡ್ ಗಿಟ್‌ಹಬ್‌ನಲ್ಲಿದೆ. ತಂತ್ರಾಂಶದ ಭಾಗಗಳನ್ನು ಒಟ್ಟಿಗೆ ಓಡಿಸುವ ಸಾಧನವಾದ ಡಾಕರ್‌ನಿಂದ ಎಬ್ಬಿಸಿದರೆ ಪೋಸ್ಟ್‌ಜಿಐಎಸ್ ಇರುವ ಡೇಟಾಬೇಸ್, ಪೈಥಾನ್‌ನ ಹಿಂಬದಿ, ರಿಯಾಕ್ಟ್‌ನ ಮುಂಬದಿ ಮೂರೂ ಒಟ್ಟಿಗೆ ಏಳುತ್ತವೆ. ಲಾಗಿನ್ ಆಗುವುದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ ಬೇಕಷ್ಟೆ. ಆದರೆ ಬಟನ್ ಪರೀಕ್ಷೆಗೆ ನಿಜವಾದ ಸರ್ವರ್ ಜೋಡಿಸಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನವರು ಅಭ್ಯಾಸಕ್ಕೆಂದೇ ಬೇರೆ ಸರ್ವರ್ ಇಟ್ಟಿದ್ದಾರೆ, ಅದರ ಖಾತೆಯೂ ಬೇರೆ. ಅಲ್ಲಿ ಏನೇ ಗೀಚಿದರೂ ಯಾರ ನಕ್ಷೆಯೂ ಹಾಳಾಗುವುದಿಲ್ಲ.

ಪರದೆಯ ಪಠ್ಯಗಳೆಲ್ಲ ಜೇಸನ್ ಫೈಲ್‌ನಲ್ಲಿ ಕೀ ಮತ್ತು ವಾಕ್ಯ ಎಂಬ ಜೋಡಿಯಾಗಿ ಇರುತ್ತವೆ. ಅನುವಾದ ಕೂಡಿಬರುವುದು ಟ್ರಾನ್ಸಿಫೆಕ್ಸ್ ಎಂಬ ಅನುವಾದದ ಜಾಲತಾಣದಲ್ಲಿ. ಅನುವಾದವಾಗದ ಸಾಲು ತಾನಾಗಿಯೇ ಇಂಗ್ಲಿಷ್‌ನಲ್ಲಿ ಕಾಣಿಸಿಕೊಳ್ಳುತ್ತದೆ, ಹಾಗಾಗಿ ನೂರಾರು ಸಾಲು ಮುಗಿಯುವವರೆಗೆ ಕಾಯಬೇಕಿಲ್ಲ. ಹೊಸ ಸ್ವಯಂಸೇವಕ ಲಾಗಿನ್ ಆಗಿ ಒಂದು ಚೌಕ ಮುಗಿಸುವವರೆಗಿನ ದಾರಿಯಲ್ಲಿ ಸಿಗುವ ಬಟನ್‌ಗಳನ್ನು ಮೊದಲು ಮುಗಿಸಿ. ಯೋಜನೆ ತೆರೆಯುವವರ ಆಡಳಿತ ಪುಟಗಳು ಆಮೇಲೆ ಆಗಲಿ, ಅವರಿಗೆ ಇಂಗ್ಲಿಷ್ ಅಡ್ಡಿಯಾಗುವುದು ಕಡಿಮೆ.

ಸ್ಪ್ರೆಡ್‌ಶೀಟ್‌ನಲ್ಲಿ ಆರು ಕಾಲಂ ಹಾಕಿ: ಕೀ, ಯಾವ ಪರದೆ, ಒತ್ತುವ ಮುಂಚೆ ಚೌಕದ ಸ್ಥಿತಿ, ಒತ್ತಿದ ಮೇಲೆ ಸ್ಥಿತಿ, ಹಿಂದಕ್ಕೆ ಬರಬಹುದೇ, ಕನ್ನಡ ಹೆಸರು. ನಡುವಿನ ಮೂರು ಕಾಲಂ ತುಂಬುವವರೆಗೆ ಕೊನೆಯದನ್ನು ಮುಟ್ಟಬಾರದು. ಈ ಶಿಸ್ತು ಬೇಸರ ತರಿಸುತ್ತದೆ, ಆದರೆ ಕೆಟ್ಟ ಹೆಸರುಗಳಲ್ಲಿ ಹೆಚ್ಚಿನವು ಇಲ್ಲಿಯೇ ಸಿಕ್ಕಿಬೀಳುತ್ತವೆ. ಶೀಟ್ ಹಂಚುವಾಗ ಇನ್ನೊಂದು ಎಚ್ಚರ: ಡಿಟಿಪಿ ಅಂಗಡಿಯ ಗಣಕದಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದ ಕನ್ನಡವನ್ನು ಶೀಟಿಗೆ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ನುಡಿಯಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡೇ ಹೊಡೆಯಬೇಕು.

ಸ್ಥಿತಿಗೆ ಒಂದು ರೂಪ, ಬಟನ್‌ಗೆ ಒಂದು ರೂಪ

ಸ್ವಯಂಸೇವಕರ ಕಣ್ಣಿಗೆ ಬೀಳುವಂಥವು ಏಳು ಸ್ಥಿತಿ. ಯಾರೂ ಮುಟ್ಟದ ಚೌಕ, ನಕ್ಷೆ ಬರೆಯಲು ಒಬ್ಬರು ಹಿಡಿದಿರುವ ಚೌಕ, ಬರೆದು ಮುಗಿದದ್ದು, ಪರಿಶೀಲನೆಗೆ ಒಬ್ಬರು ಹಿಡಿದಿರುವುದು, ಪರಿಶೀಲನೆ ಮುಗಿದದ್ದು, ತಿದ್ದುಪಡಿ ಬೇಕೆಂದು ವಾಪಸ್ ಬಂದದ್ದು, ಉಪಗ್ರಹ ಚಿತ್ರ ಸರಿಯಿಲ್ಲದೆ ಕೈಬಿಟ್ಟದ್ದು. ಇವು ನಕ್ಷೆಯ ಬದಿಯಲ್ಲಿ ಬಣ್ಣದ ಸೂಚಿಯಾಗಿ ಕೂರುತ್ತವೆ. ಅದರ ಪಕ್ಕದಲ್ಲಿಯೇ ಬಟನ್‌ಗಳೂ ಇರುತ್ತವೆ. ಎರಡಕ್ಕೂ ‘ಪರಿಶೀಲನೆ’ ಎಂದು ಬರೆದರೆ ಯಾವುದು ಒತ್ತುವುದು, ಯಾವುದು ಓದುವುದು ಎಂಬುದೇ ತಿಳಿಯುವುದಿಲ್ಲ.

ಕನ್ನಡದಲ್ಲಿ ಈ ತೊಡಕನ್ನು ಕ್ರಿಯಾಪದದ ರೂಪದಿಂದಲೇ ಬಿಡಿಸಬಹುದು. ಬಟನ್ ಯಾವಾಗಲೂ ವಿನಂತಿಯ ರೂಪದಲ್ಲಿ: ‘ಪರಿಶೀಲಿಸಿ’, ‘ಸಲ್ಲಿಸಿ’, ‘ಆರಿಸಿ’. ಸ್ಥಿತಿ ಯಾವಾಗಲೂ ಆಗಿದ್ದನ್ನು ಅಥವಾ ಆಗುತ್ತಿರುವುದನ್ನು ಹೇಳುವ ರೂಪದಲ್ಲಿ: ‘ಪರಿಶೀಲನೆ ಆಗಿದೆ’, ‘ತಿದ್ದಬೇಕಿದೆ’. ‘ಪರಿಶೀಲನೆ’, ‘ಸಲ್ಲಿಕೆ’, ‘ಆಯ್ಕೆ’ ಮುಂತಾದ ಬರೀ ನಾಮಪದಗಳು ಮೆನುವಿನ ತಲೆಬರಹಕ್ಕೆ ಮಾತ್ರ. ಈ ಮೂರು ಸಾಲಿನ ನಿಯಮ ಶೀಟಿನ ತಲೆಯಲ್ಲಿಯೇ ಇರಲಿ. ಹೊಸದಾಗಿ ಅನುವಾದಕ್ಕೆ ಕೈಹಚ್ಚುವವರು ಪದ ಬದಲಿಸಿದರೂ ರೂಪ ಬದಲಿಸಬಾರದು.

‘ಮಾಡು’ ಎಂಬ ಏಕವಚನವೋ ‘ಮಾಡಿ’ಯೋ, ‘ಮಾಡ್ರಿ’ಯೋ? ಏಕವಚನ ಬೇಡ, ನಿವೃತ್ತ ಮಾಸ್ತರರೂ ನಕ್ಷೆ ಬರೆಯಲು ಬರುತ್ತಾರೆ, ಅವರಿಗೆ ಪರದೆ ‘ಉಳಿಸು’ ಎನ್ನುವುದು ಸರಿಬರುವುದಿಲ್ಲ. ‘ಮಾಡ್ರಿ’ ಧಾರವಾಡದ ಕಿವಿಗೆ ಹಿತವಾದರೂ ಟ್ರಾನ್ಸಿಫೆಕ್ಸ್‌ನ ಕನ್ನಡ ಕಡತ ಇಡೀ ರಾಜ್ಯಕ್ಕೆ ಒಂದೇ. ಬಟನ್ ಬರಹದ ಕನ್ನಡದಲ್ಲಿಯೇ ಇರಬೇಕು. ನಮ್ಮ ಕಡೆಯ ಮಾತಿಗೆ ಬೇರೆ ಜಾಗವಿದೆ, ಅದು ಕೆಳಗೆ ಬರುತ್ತದೆ.

ಆದರೆ ಪ್ರದೇಶದಿಂದ ಪ್ರದೇಶಕ್ಕೆ ಅರ್ಥವೇ ತಿರುಗುವ ರೂಪಗಳನ್ನು ಮಾತ್ರ ಹುಡುಕಿ ತೆಗೆಯಬೇಕು. ‘ಕೆಲಸ ನಡೆದಿದೆ’ ಅದಕ್ಕೆ ಒಳ್ಳೆಯ ಉದಾಹರಣೆ. ಹುಬ್ಬಳ್ಳಿಯವರಿಗೆ ಇದು ‘ಕೆಲಸ ನಡದೈತಿ’, ಅಂದರೆ ಈಗ ನಡೆಯುತ್ತಿದೆ. ಮೈಸೂರು ಕಡೆಯವರಿಗೆ ಅದೇ ಸಾಲು ಕೆಲಸ ಆಗಿಹೋಗಿದೆ ಎಂದು ಹೇಳುತ್ತದೆ. ಒಬ್ಬರು ಹಿಡಿದಿರುವ ಚೌಕಕ್ಕೆ ಈ ಹೆಸರು ಕೊಟ್ಟರೆ ಅರ್ಧ ಜನ ಅದನ್ನು ಮುಗಿದ ಚೌಕ ಎಂದು ಓದುತ್ತಾರೆ. ‘ಒಬ್ಬರು ಬರೆಯುತ್ತಿದ್ದಾರೆ’ ಎಂದರೆ ಎಲ್ಲಿಯೂ ಗೊಂದಲವಿಲ್ಲ. ‘ಲಾಕ್ ಆಗಿದೆ’ ಎಂಬುದೂ ಬೇಡ. ಅದನ್ನು ಓದಿದವರು ತಮಗೆ ಅನುಮತಿ ಇಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಸಾಮಾನ್ಯ ಹೊಂದಿಕೆಯಲ್ಲಿ ಹಿಡಿತ 2 ಗಂಟೆ ಕಳೆದ ಮೇಲೆ ತಾನೇ ಸಡಿಲವಾಗುತ್ತದೆ, ಆಮೇಲೆ ಆ ಚೌಕ ಯಾರಿಗೆ ಬೇಕಾದರೂ ಸಿಗುತ್ತದೆ.

ಒಂದಕ್ಕೊಂದು ಡಿಕ್ಕಿ ಹೊಡೆಯುವ ಪದಗಳು

ಪ್ರತಿ ಪದ ತಾನಾಗಿ ಸರಿಯಿದ್ದರೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಬಂದಾಗ ಕೆಡುವುದು ಕನ್ನಡದಲ್ಲಿ ಬಹಳ. ಈ ಭಾಗಕ್ಕೆ ಹೆಚ್ಚು ಸಮಯ ಕೊಡಿ.

‘ಉಳಿಸಿ’ ಮತ್ತು ‘ಅಳಿಸಿ’. ಅರ್ಥ ತದ್ವಿರುದ್ಧ, ವ್ಯತ್ಯಾಸ ಮೊದಲಕ್ಷರದ್ದು ಮಾತ್ರ. ಬಿಸಿಲಲ್ಲಿ ಸಣ್ಣ ಮೊಬೈಲ್ ಹಿಡಿದು ನೋಡುವವರಿಗೆ ಎರಡೂ ಒಂದೇ ಆಕಾರ. ಇವೆರಡರಲ್ಲಿ ಒಂದನ್ನು ಬಿಡಲೇಬೇಕು. ‘ಉಳಿಸಿ’ ಎಲ್ಲರಿಗೂ ಪರಿಚಿತ, ಅದು ಇರಲಿ. ಇನ್ನೊಂದು ‘ತೆಗೆದುಹಾಕಿ’ ಆಗಲಿ. ಉದ್ದವಾದದ್ದೂ ಒಳ್ಳೆಯದೇ, ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ.

‘ಬಿಡಿಸಿ’. ಚಿತ್ರ ಬಿಡಿಸುವುದು ಎಂಬ ಅರ್ಥದಲ್ಲಿ ‘ಈ ಚೌಕ ಬಿಡಿಸಿ’ ಎಂದು ಬರೆಯುವ ಆಸೆ ಬರುತ್ತದೆ. ಆದರೆ ಬಿಡಿಸುವುದೆಂದರೆ ಹಿಡಿದದ್ದನ್ನು ಬಿಡುಗಡೆ ಮಾಡುವುದೂ ಹೌದು, ಮತ್ತು ಈ ತಂತ್ರಾಂಶದಲ್ಲಿ ಚೌಕವನ್ನು ಬಿಡುಗಡೆ ಮಾಡುವ ಕ್ರಿಯೆ ನಿಜವಾಗಿಯೂ ಇದೆ! ಕೆಲಸ ಶುರು ಮಾಡುವ ಬಟನ್ನೇ ಕೆಲಸ ಬಿಟ್ಟುಕೊಡುವ ಬಟನ್‌ನಂತೆ ಓದಿಸಿಕೊಳ್ಳುತ್ತದೆ. ‘ಈ ಚೌಕ ಶುರು ಮಾಡಿ’ ಎಂದರೆ ಆ ಅಪಾಯವಿಲ್ಲ.

‘ಒಪ್ಪಿಸಿ’. ಮುಗಿದ ಕೆಲಸವನ್ನು ಒಪ್ಪಿಸುವುದು ಎಂಬ ಅರ್ಥದಲ್ಲಿ ಒಳ್ಳೆಯ ಕನ್ನಡ. ಆದರೆ ಪರಿಶೀಲಿಸುವವರ ಪರದೆಯಲ್ಲಿ ಒಪ್ಪುವ, ಒಪ್ಪದಿರುವ ಮಾತು ಬರುತ್ತದೆ. ‘ಸಲ್ಲಿಸಿ’ ಎಂಬುದನ್ನು ಜನ ಅರ್ಜಿ ತುಂಬುವ ಪ್ರತಿ ಪುಟದಲ್ಲಿಯೂ ಕಂಡಿದ್ದಾರೆ. ಅದಕ್ಕೆ ಎರಡನೆಯ ಅರ್ಥ ಹಚ್ಚಿಕೊಂಡಿಲ್ಲ. ಅದನ್ನೇ ಇಡಿ.

ಇನ್ನೊಂದು, ವಿನಂತಿಯ ರೂಪದಲ್ಲಿಯೇ ಅಡಗಿರುವ ತೊಡಕು. ‘ಉಳಿಸಿ’ ಎಂದರೆ ‘ದಯವಿಟ್ಟು ಉಳಿಸಿರಿ’ಯೂ ಹೌದು, ‘ಉಳಿಸಿದ ಮೇಲೆ’ಯೂ ಹೌದು. ಅಂಚಿಲ್ಲದ ಎರಡು ಬಟನ್ ಒಂದೇ ಸಾಲಲ್ಲಿ ‘ಉಳಿಸಿ’, ‘ಮುಚ್ಚಿ’ ಎಂದು ಕೂತರೆ ಅದು ‘ಉಳಿಸಿ ಮುಚ್ಚಿ’ ಎಂಬ ಒಂದೇ ಆದೇಶವಾಗುತ್ತದೆ. ಜನ ‘ಮುಚ್ಚಿ’ ಒತ್ತಿ, ಉಳಿದಿದೆ ಅಂದುಕೊಳ್ಳುತ್ತಾರೆ. ಮದ್ದು ಎರಡು: ಬಟನ್‌ಗೆ ಸ್ಪಷ್ಟ ಅಂಚು ಮತ್ತು ನಡುವೆ ಕನಿಷ್ಠ 12 ಪಿಕ್ಸೆಲ್ ಅಂತರ, ಹಾಗೂ ಕ್ರಿಯೆಯ ಜೊತೆ ಅದರ ಕರ್ಮವನ್ನೂ ಬರೆಯುವುದು. ‘ಬದಲಾವಣೆ ಉಳಿಸಿ’, ‘ಕಿಟಕಿ ಮುಚ್ಚಿ’ ಎಂದಾಗ ಎರಡೂ ಅಂಟಿಕೊಳ್ಳುವುದಿಲ್ಲ.

ದೃಢೀಕರಣದ ಪೆಟ್ಟಿಗೆಗಳಲ್ಲಿ ‘ರದ್ದು’ ಪದವನ್ನು ಅನುಮಾನದಿಂದ ನೋಡಿ. ‘ಬದಲಾವಣೆಗಳನ್ನು ರದ್ದು ಮಾಡಬೇಕೆ?’ ಎಂಬ ಪ್ರಶ್ನೆಯ ಕೆಳಗೆ ‘ರದ್ದು ಮಾಡಿ’ ಮತ್ತು ‘ಸರಿ’ ಬಂದರೆ ಎರಡೂ ಒಂದೇ ಉತ್ತರ. ಅಲ್ಲಿ ‘ಬದಲಾವಣೆ ಬಿಟ್ಟುಬಿಡಿ’ ಮತ್ತು ‘ವಾಪಸ್ ಹೋಗಿ’ ಎಂದಿರಲಿ.

ನಿರ್ದೇಶನದ ದಿಕ್ಕೂ ಒಂದೇ ಇರಬೇಕು. ಚೌಕ ಆರಿಸದೆ ಒತ್ತಿದರೆ ತಂತ್ರಾಂಶವೇ ಒಂದನ್ನು ಆರಿಸಿಕೊಡುವ ಬಟನ್ ಇದೆ. ಅದಕ್ಕೆ ‘ಒಂದು ಚೌಕ ಕೊಡಿ’ ಎಂದರೆ ಸ್ವಯಂಸೇವಕರು ಯಂತ್ರಕ್ಕೆ ಕೇಳಿದಂತೆ. ಉಳಿದ ಬಟನ್‌ಗಳೆಲ್ಲ ಯಂತ್ರ ಸ್ವಯಂಸೇವಕರಿಗೆ ಹೇಳಿದಂತೆ. ಹೀಗಾಗಿ ‘ಯಾವುದಾದರೂ ಚೌಕ ತೆಗೆದುಕೊಳ್ಳಿ’. ಚೌಕ ಎಂಬ ಪದ ‘ಕಾರ್ಯ’ಕ್ಕಿಂತ ಎಷ್ಟೋ ವಾಸಿ, ಏಕೆಂದರೆ ಪರದೆಯ ಮೇಲೆ ಕಣ್ಣಿಗೆ ಕಾಣುವುದು ಅದೇ. ಯೋಜನೆಯನ್ನು ಗ್ರಾಮಗಳ ಗಡಿ ಹಿಡಿದು ಕತ್ತರಿಸಿದ್ದರೆ ಮಾತ್ರ ಅದು ಚೌಕವಾಗಿರುವುದಿಲ್ಲ. ಅಂಥ ಯೋಜನೆಗಳು ಹೆಚ್ಚಿದ್ದರೆ ಎಲ್ಲ ಕಡೆಯೂ ‘ಭಾಗ’ ಎಂದು ಹಾಕಿ, ಬೆರೆಸಬೇಡಿ.

ಮುಗಿಯಿತೇ ಎಂಬ ಪ್ರಶ್ನೆ

ಇಡೀ ಕೆಲಸದ ಗುಣಮಟ್ಟ ನಿಂತಿರುವುದು ಒಂದು ಪ್ರಶ್ನೆಯ ಮೇಲೆ. ಚೌಕ ಮುಗಿಸಿ ಹೊರಡುವಾಗ ತಂತ್ರಾಂಶ ಈ ಚೌಕದ ನಕ್ಷೆ ಪೂರ್ತಿ ಆಗಿದೆಯೇ ಎಂದು ಕೇಳುತ್ತದೆ. ಉತ್ತರ ಮೂರು: ಹೌದು, ಇಲ್ಲ, ಉಪಗ್ರಹ ಚಿತ್ರ ಸರಿಯಿಲ್ಲ.

ಬರೀ ‘ಇಲ್ಲ’ ಎಂದು ಬರೆದರೆ ಹೊಸಬರು ಅದನ್ನು ಒತ್ತುವುದಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟೆವು ಎಂದು ಒಪ್ಪಿಕೊಂಡಂತೆ ಅವರಿಗೆ ಅನಿಸುತ್ತದೆ. ಅದಕ್ಕೆ ‘ಹೌದು’ ಒತ್ತುತ್ತಾರೆ. ಚೌಕ ಮುಗಿದದ್ದರ ಬಣ್ಣಕ್ಕೆ ತಿರುಗುತ್ತದೆ, ಅರ್ಧ ಊರು ಬಿಟ್ಟುಹೋಗಿರುತ್ತದೆ, ಪರಿಶೀಲಿಸುವವರಿಗೆ ಸಿಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ನಿಜದಲ್ಲಿ ‘ಇಲ್ಲ’ ಒತ್ತಿದರೆ ಯಾವ ನಷ್ಟವೂ ಇಲ್ಲ: ಬರೆದದ್ದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಾಗೆಯೇ ಇರುತ್ತದೆ, ಚೌಕ ಮಾತ್ರ ಮತ್ತೆ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಆ ಮಾತನ್ನು ಹೆಸರಿನಲ್ಲಿಯೇ ಹೇಳಿಬಿಡಿ:

ಹೌದು, ಪೂರ್ತಿ ಆಗಿದೆ
ಇನ್ನೂ ಉಳಿದಿದೆ, ಬೇರೆಯವರು ಮುಂದುವರಿಸಲಿ
ಮೋಡ ಅಥವಾ ಮಬ್ಬು: ನೆಲ ಕಾಣುತ್ತಿಲ್ಲ

ಮೂರನೆಯದನ್ನು ‘ಚಿತ್ರ ಕೆಟ್ಟಿದೆ’ ಎಂದು ಬರೆಯುವುದು ಸುಲಭ, ಮತ್ತು ತಪ್ಪು. ನೆಟ್‌ವರ್ಕ್ ಮಂದವಾಗಿದ್ದಾಗ ಚಿತ್ರದ ತುಣುಕುಗಳು ಬರದೆ ಪರದೆ ಬೂದಿ ಬಣ್ಣಕ್ಕೆ ನಿಲ್ಲುತ್ತದೆ. ಅದನ್ನೇ ಜನ ಕೆಟ್ಟ ಚಿತ್ರ ಅಂದುಕೊಂಡು ಒತ್ತುತ್ತಾರೆ. ಹಾಗೆ ಒತ್ತಿದ ಚೌಕ ನಕ್ಷೆಗೆ ಸಿಗದ ಪಟ್ಟಿಗೆ ಹೋಗುತ್ತದೆ. ಕಾರಣವನ್ನು ಹೆಸರಿನೊಳಗೆ ತಂದರೆ ಇದು ಬಹಳಷ್ಟು ತಪ್ಪುತ್ತದೆ. ಸೂಚನೆಯಲ್ಲಿ ಇನ್ನೂ ಒಂದು ಸಾಲು ಸೇರಿಸಿ: ಚಿತ್ರ ಬರುತ್ತಿಲ್ಲವಾದರೆ ಕಾಯಿರಿ, ಪುಟ ಮತ್ತೆ ತೆರೆಯಿರಿ.

ಪರಿಶೀಲಿಸುವವರ ಪ್ರಶ್ನೆಗೆ ‘ಸರಿಯಾಗಿದೆ’ ಮತ್ತು ‘ತಿದ್ದಬೇಕು’ ಸಾಕು. ‘ಅಸಿಂಧು’, ‘ತಿರಸ್ಕೃತ’ ಎಂಬ ಪದಗಳು ಆದೇಶದ ಕಾಗದದಲ್ಲಿರಲಿ. ಪುಕ್ಕಟೆ ಸಮಯ ಕೊಟ್ಟು ಬಂದವರ ಕೆಲಸಕ್ಕೆ ಆ ಹಣೆಪಟ್ಟಿ ಸಲ್ಲದು.

ಉಳಿಸುವುದು ಬೇರೆ, ಸಲ್ಲಿಸುವುದು ಬೇರೆ

ಪರದೆಯಲ್ಲಿ ಎರಡು ತಂತ್ರಾಂಶ ಒಟ್ಟಿಗೆ ಇರುತ್ತವೆ: ನಕ್ಷೆ ಬರೆಯುವ ಎಡಿಟರ್ ಆದ ಐಡಿ, ಮತ್ತು ಅದರ ಪಕ್ಕ ಟಾಸ್ಕಿಂಗ್ ಮ್ಯಾನೇಜರ್. ಐಡಿಯಲ್ಲಿ ‘ಉಳಿಸಿ’ ಒತ್ತಿದರೆ ಬದಲಾವಣೆಯ ವಿವರ ಬರೆಯುವ ಫಲಕ ತೆರೆಯುತ್ತದೆ ಅಷ್ಟೇ. ಅಲ್ಲಿ ‘ಅಪ್‌ಲೋಡ್’ ಒತ್ತಿದ ಮೇಲೆಯೇ ಬರೆದದ್ದು ಓಪನ್‌ಸ್ಟ್ರೀಟ್‌ಮ್ಯಾಪ್ ಸೇರುವುದು. ಆಮೇಲೆ ಟಾಸ್ಕಿಂಗ್ ಮ್ಯಾನೇಜರ್‌ನಲ್ಲಿ ಚೌಕ ಸಲ್ಲಿಸಬೇಕು. ಒಟ್ಟು ಮೂರು ಒತ್ತು, ಮೂರಕ್ಕೂ ಬೇರೆ ಬೇರೆ ಕೆಲಸ.

ಮೊದಲನೆಯದನ್ನು ಒತ್ತಿ ಟ್ಯಾಬ್ ಮುಚ್ಚುವವರು ಬಹಳ. ಐಡಿ ಆ ಬದಲಾವಣೆಯನ್ನು ಬ್ರೌಸರ್‌ನಲ್ಲಿಯೇ ಹಿಡಿದಿಟ್ಟು, ಮುಂದಿನ ಸಲ ತೆರೆದಾಗ ವಾಪಸ್ ಬೇಕೇ ಎಂದು ಕೇಳುತ್ತದೆ. ಆದರೆ ಕಾಲೇಜಿನ ಲ್ಯಾಬಿನಲ್ಲಿ ಮುಂದಿನ ಸಲ ಅದೇ ಗಣಕ ಸಿಗುವ ಖಾತ್ರಿ ಇಲ್ಲ, ಕೆಲವು ಲ್ಯಾಬ್‌ಗಳಲ್ಲಿ ಗಣಕ ಬಂದ್ ಮಾಡಿದಾಗ ಬ್ರೌಸರ್ ನೆನಪೆಲ್ಲ ಅಳಿಯುತ್ತದೆ. ಹಾಗಾಗಿ ಐಡಿಯ ‘ಉಳಿಸಿ’ ಹೆಸರನ್ನು ಮುಟ್ಟದೆ, ಟಾಸ್ಕಿಂಗ್ ಮ್ಯಾನೇಜರ್‌ನ ಈ ಫಲಕದ ಬಟನ್‌ಗಳಲ್ಲಿ ‘ಉಳಿಸಿ’ ಪದವೇ ಬರದಂತೆ ನೋಡಿಕೊಳ್ಳುವುದು ಒಳ್ಳೆಯ ದಾರಿ. ಒಂದು ಕಡೆ ‘ಉಳಿಸಿ’, ‘ಅಪ್‌ಲೋಡ್’. ಇನ್ನೊಂದು ಕಡೆ ‘ಚೌಕ ಸಲ್ಲಿಸಿ’ ಮಾತ್ರ.

ಉಳಿಸದ ಬದಲಾವಣೆ ಇದ್ದರೆ ಒಳಗೇ ಕೂತ ಐಡಿ ಚೌಕ ಸಲ್ಲಿಸಲು ಬಿಡುವುದಿಲ್ಲ. ಜೋಸ್ಮ್ ಎಂಬ ಇನ್ನೊಂದು ಎಡಿಟರ್ ಬಳಸಿದರೆ ಈ ಕಾವಲು ಇಲ್ಲ, ಅದು ಬೇರೆಯೇ ಕಿಟಕಿ. ಅಲ್ಲಿ ಅಪ್‌ಲೋಡ್ ಮಾಡದೆ ಇಲ್ಲಿ ಸಲ್ಲಿಸಿದರೆ ಖಾಲಿ ಚೌಕ ಮುಗಿದದ್ದಾಗಿ ಕಾಣುತ್ತದೆ. ಸಲ್ಲಿಸುವ ಬಟನ್ನಿನ ಮೇಲೆ ‘ಮೊದಲು ಎಡಿಟರ್‌ನಲ್ಲಿ ಅಪ್‌ಲೋಡ್ ಆಗಿರಬೇಕು’ ಎಂಬ ಒಂದು ಸಾಲು ಕಡ್ಡಾಯ.

ಅದೇ ಫಲಕದಲ್ಲಿ ಇನ್ನೆರಡು ಬಟನ್. ಬೇರೆ ಚೌಕ ಆರಿಸುವುದು ಎಂದಷ್ಟೇ ಇಂಗ್ಲಿಷ್ ಹೇಳುತ್ತದೆ, ಈಗಿನ ಚೌಕವನ್ನು ಅದು ಬಿಟ್ಟುಕೊಡುತ್ತದೆ ಎಂಬುದನ್ನು ಹೇಳುವುದಿಲ್ಲ. ಕನ್ನಡದಲ್ಲಿ ಹೇಳಿಬಿಡಿ: ‘ಇದನ್ನು ಬಿಟ್ಟು ಬೇರೆ ಆರಿಸಿ’. ಚೌಕ ಒಡೆಯುವ ಬಟನ್‌ಗೆ ‘ನಾಲ್ಕು ಭಾಗ ಮಾಡಿ’, ಏಕೆಂದರೆ ಆಗುವುದು ಅಷ್ಟೇ. ಹುಬ್ಬಳ್ಳಿಯ ಅಕ್ಷಾಂಶದಲ್ಲಿ 17ನೆಯ ಝೂಮ್ ಮಟ್ಟದ ಚೌಕದ ಬದಿ ಸುಮಾರು 295 ಮೀಟರ್. ಒಡೆದರೆ ಸುಮಾರು 147 ಮೀಟರಿನ ನಾಲ್ಕು. ಹಳೇ ಹುಬ್ಬಳ್ಳಿಯ ಒತ್ತೊತ್ತಾದ ಓಣಿಗಳಿಗೆ ಇದು ಬೇಕೇ ಬೇಕು. ನವಲಗುಂದದ ಎರೆಹೊಲಗಳಲ್ಲಿ ಒಡೆದರೆ ಮೂರು ಖಾಲಿ ಚೌಕ ಸಿಗುತ್ತವೆ, ಪ್ರತಿಯೊಂದನ್ನೂ ಯಾರಾದರೂ ತೆರೆದು ಮುಗಿಸಬೇಕು. ಮತ್ತೆ ಕೂಡಿಸುವ ಬಟನ್ ಸ್ವಯಂಸೇವಕರ ಪರದೆಯಲ್ಲಿ ಇಲ್ಲ, ಅದಕ್ಕಾಗಿ ಒತ್ತುವ ಮುಂಚೆ ಒಂದು ದೃಢೀಕರಣ ಇರಲಿ.

ವಾಕ್ಯದೊಳಗಿನ ಹೆಸರು ಮತ್ತು ಸಂಖ್ಯೆ

ಸುರುಳಿ ಆವರಣದೊಳಗೆ ಬರುವ ಸ್ಥಳಗಳಲ್ಲಿ ತಂತ್ರಾಂಶ ಬಳಕೆದಾರರ ಹೆಸರು, ಯೋಜನೆಯ ಹೆಸರು ತುಂಬುತ್ತದೆ. ಅದಕ್ಕೆ ಕನ್ನಡದ ವಿಭಕ್ತಿ ಅಂಟಿಸಲು ಹೋಗಬೇಡಿ. ಹೆಸರು ಅಕಾರಾಂತವೋ ಇಕಾರಾಂತವೋ, ರೋಮನ್ ಅಕ್ಷರದ್ದೋ ತಂತ್ರಾಂಶಕ್ಕೆ ಗೊತ್ತಿಲ್ಲ. ‘ಇಂದ’, ‘ನಲ್ಲಿ’, ‘ಅನ್ನು’ ಎಲ್ಲವೂ ಸಡಿಲವಾಗಿ ನೇತಾಡುತ್ತವೆ. ವಾಕ್ಯವನ್ನೇ ತಿರುಗಿಸಿ: ‘ಬರೆದವರು:’ ಎಂದು ಬರೆದು ಮುಂದೆ ಹೆಸರು, ‘ಯೋಜನೆ:’ ಎಂದು ಬರೆದು ಮುಂದೆ ಯೋಜನೆ. ಕ್ರಿಯಾಪದ ಬೇಕೇ ಬೇಕಾದ ಕಡೆ ‘ಮುಗಿಸಿದ್ದಾರೆ’ ಎಂಬ ಗೌರವದ ಬಹುವಚನ ಹಾಕಿದರೆ ಹೆಣ್ಣು ಗಂಡು ಎಂಬ ಪ್ರಶ್ನೆ ಏಳುವುದಿಲ್ಲ.

ಸಂಖ್ಯೆಯಲ್ಲಿ ಒಂದು ಬಲೆ ಇದೆ. ಏಕವಚನ, ಬಹುವಚನಕ್ಕೆ ಬೇರೆ ಬೇರೆ ಸಾಲು ಕೊಡುವ ವ್ಯವಸ್ಥೆಯಲ್ಲಿ ಯೂನಿಕೋಡ್‌ನ ಭಾಷಾ ದತ್ತಾಂಶದ ಪ್ರಕಾರ ಕನ್ನಡದಲ್ಲಿ 0 ಕೂಡ ಏಕವಚನದ ಸಾಲಿಗೇ ಬೀಳುತ್ತದೆ. ಇಂಗ್ಲಿಷ್‌ನಲ್ಲಿ ಹಾಗಿಲ್ಲ. ಅನುವಾದಕರು ಏಕವಚನದ ಸಾಲಿನಲ್ಲಿ ‘ಒಂದು ಚೌಕ ಉಳಿದಿದೆ’ ಎಂದು ಪದದಲ್ಲಿ ಬರೆದರೆ, ಎಲ್ಲ ಮುಗಿದ ಮೇಲೆಯೂ ಪರದೆ ಒಂದು ಉಳಿದಿದೆ ಎಂದೇ ತೋರಿಸುತ್ತದೆ, ಜನ ಅದನ್ನು ಹುಡುಕುತ್ತಾರೆ. ಪದದ ಬದಲು ಸಂಖ್ಯೆಯ ಗುರುತನ್ನೇ ಇಡಿ, ಇಲ್ಲವೇ ಸೊನ್ನೆಗೆ ಬೇರೆ ಸಾಲು ಕೊಡಿ: ‘ಎಲ್ಲ ಚೌಕ ಮುಗಿದಿವೆ’.

ಅರ್ಧಾಕ್ಷರದಲ್ಲಿ ಮುಗಿಯುವ ಪರಭಾಷೆಯ ಪದಕ್ಕೆ ಪ್ರತ್ಯಯ ಸೇರುವಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಬೇಕು, ಶೂನ್ಯ ಅಗಲದ ಬೇರ್ಪಡಿಕೆ. ಅದಿದ್ದರೆ ‘ಬಟನ್‌ಗಳು’, ಇಲ್ಲದಿದ್ದರೆ ‘ಬಟನ್ಗಳು’. ಶೀಟ್‌ನಿಂದ ಶೀಟ್‌ಗೆ ನಕಲಿಸುವಾಗ, ಬಿಳಿ ಜಾಗ ಒರೆಸುವ ಸ್ಕ್ರಿಪ್ಟ್ ಓಡಿಸಿದಾಗ ಈ ಗುರುತು ಕಾಣದಂತೆ ಮಾಯವಾಗುತ್ತದೆ. ಕೊನೆಯ ಫೈಲ್‌ನಲ್ಲಿ ‘ಅಪ್‌ಲೋಡ್’ ಪದವನ್ನು ಹುಡುಕಿ, ಪ ಕೆಳಗೆ ಲ ಒತ್ತಾಗಿ ಕಂಡರೆ ಎಲ್ಲೋ ಒರೆಸಿಹೋಗಿದೆ ಎಂದು ತಿಳಿಯಿರಿ.

ಅಳತೆ

ಅಕ್ಷರ ಎಣಿಸುವಾಗ ತಂತ್ರಾಂಶದ ಎಣಿಕೆ ನಂಬಬೇಡಿ. ‘ಪ್ರಾರಂಭಿಸಿ’ ನಮಗೆ 4 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 10. ಫೈಲ್‌ನಲ್ಲಿ 30 ಬೈಟ್. ಅಳೆಯಬೇಕಾದದ್ದು ಅಗಲ. 360 ಪಿಕ್ಸೆಲ್ ಅಗಲದ ಫೋನ್ ಹಿಡಿಯಿರಿ. ಎರಡು ಬದಿ 16, ನಡುವೆ 12 ಬಿಟ್ಟರೆ ಒಂದು ಸಾಲಿನ ಎರಡು ಬಟನ್‌ಗೆ ತಲಾ 158. ಬಟನ್ನಿನೊಳಗೆ ಎರಡೂ ಬದಿ 12 ಬಿಟ್ಟರೆ ಪಠ್ಯಕ್ಕೆ 134. 16 ಪಿಕ್ಸೆಲ್ ಗಾತ್ರದಲ್ಲಿ ಅಕ್ಷರಕ್ಕೆ ಸರಾಸರಿ 14 ಪಿಕ್ಸೆಲ್ ಹಿಡಿದರೆ 9 ಅಕ್ಷರ. ‘ಚೌಕ ಸಲ್ಲಿಸಿ’, ‘ನಾಲ್ಕು ಭಾಗ ಮಾಡಿ’ ಕೂರುತ್ತವೆ. ‘ಇದನ್ನು ಬಿಟ್ಟು ಬೇರೆ ಆರಿಸಿ’ ಕೂರುವುದಿಲ್ಲ, ಅದಕ್ಕೆ ಪೂರ್ತಿ ಸಾಲು ಕೊಡಬೇಕು. ಹೆಸರನ್ನು ಮೊಟಕು ಮಾಡುವುದಕ್ಕಿಂತ ಬಟನ್ ಅಗಲ ಮಾಡುವುದು ಸರಿ.

ಗಾತ್ರ 14ಕ್ಕೆ ಇಳಿಸಬೇಡಿ. ಸಾಲಿನ ಎತ್ತರ ಕನಿಷ್ಠ 1.6 ಪಟ್ಟು. ಬಟನ್ನಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕದೆ ಕನಿಷ್ಠ ಎತ್ತರ 48 ಎಂದಷ್ಟೇ ಕೊಡಿ, ಪಠ್ಯ ಎರಡು ಸಾಲಾದರೆ ಬೆಳೆಯಲಿ. ಇಂಗ್ಲಿಷ್‌ಗೆ ಹೊಂದಿಸಿದ ಪೆಟ್ಟಿಗೆಯಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗಿನಿಂದ ಕತ್ತರಿಸಿಹೋಗುತ್ತವೆ: ‘ಸಲ್ಲಿಸಿ’ ಹೋಗಿ ‘ಸಲಿಸಿ’, ‘ಹಳ್ಳ’ ಹೋಗಿ ‘ಹಳ’. ಪರೀಕ್ಷೆಗೆ ‘ರಾಷ್ಟ್ರೀಯ ಹೆದ್ದಾರಿ’ ಹಾಕಿ ನೋಡಿ. ಟ ಮತ್ತು ರ ಎರಡೂ ಒತ್ತು ಪೂರ್ತಿ ಕಂಡರೆ ಉಳಿದದ್ದು ಕಾಣುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೋ, ಹೀಗೆ ಫಾಂಟ್ ಬದಲಾದಂತೆ ಅಗಲವೂ ಬದಲಾಗುವುದರಿಂದ ನೋಟೋ ಸ್ಯಾನ್ಸ್ ಕನ್ನಡವನ್ನು ಪುಟದ ಜೊತೆಗೇ ಕಳಿಸುವುದು ಒಳ್ಳೆಯದು. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ವಿನ್ಯಾಸವಿದ್ದರೆ ಕನ್ನಡಕ್ಕೆ ಅದನ್ನು ಸೊನ್ನೆ ಮಾಡಿ.

ಕಾರ್ಡ್ ಪರೀಕ್ಷೆ

ಹೆಸರು ಸರಿಯಿದೆಯೇ ಎಂದು ನೋಡಲು ಗಣಕ ಬೇಡ. ಒಂದು ಕಾರ್ಡಿಗೆ ಒಂದು ಬಟನ್ ಹೆಸರು ಬರೆಯಿರಿ, ಒಂದು ಸಲಕ್ಕೆ 20ಕ್ಕಿಂತ ಹೆಚ್ಚು ಬೇಡ. ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ಊರಿನ ಗ್ರಂಥಾಲಯಕ್ಕೆ ಬರುವವರು, ಹೊಲದ ದಾರಿಗಳೆಲ್ಲ ಗೊತ್ತಿದ್ದೂ ನಕ್ಷೆ ತಂತ್ರಾಂಶ ಕಾಣದವರು. ಪ್ರತಿ ಗುಂಪಿನಿಂದ ಐದು ಜನ ಸಾಕು. ಕಾರ್ಡ್ ಕೊಟ್ಟು ಒಂದೇ ಪ್ರಶ್ನೆ: ‘ಇದನ್ನ ಒತ್ತಿದರ ಏನಾಗ್ತೈತಿ?’

‘ತಿಳೀತೇನ್ರಿ?’ ಎಂದು ಮಾತ್ರ ಕೇಳಬಾರದು. ಎಲ್ಲರೂ ‘ಹೂಂ’ ಅನ್ನುತ್ತಾರೆ. ಅವರು ಹೇಳಿದ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಂಡು, ಶೀಟಿನ ‘ಒತ್ತಿದ ಮೇಲೆ ಸ್ಥಿತಿ’ ಕಾಲಂ ಜೊತೆ ಹೋಲಿಸಿ. ಐದರಲ್ಲಿ ಇಬ್ಬರ ಉತ್ತರ ಬೇರೆ ಸ್ಥಿತಿಗೆ ಹೋದರೆ ಹೆಸರು ಬದಲಿಸಬೇಕು. ಉತ್ತರ ಹೇಳುವಾಗ ಅವರ ಬಾಯಲ್ಲಿ ಬಂದ ಪದವೇ ಎಷ್ಟೋ ಸಲ ಒಳ್ಳೆಯ ಹೆಸರಾಗಿರುತ್ತದೆ.

ಹಿಂದಕ್ಕೆ ಬರಲಾಗದ ಬಟನ್‌ಗಳಿಗೆ ಎರಡನೆಯ ಪರೀಕ್ಷೆ: ಅದೇ ಪರದೆಯ ಕಾರ್ಡ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ, ‘ಅರ್ಧ ಕೆಲಸ ಆಗೈತಿ, ಬಸ್ಸಿಗೆ ಹೊತ್ತಾತು, ಯಾವುದು ಒತ್ತತೀರಿ?’ ಎಂದು ಕೇಳಿ. ಒಂಟಿ ಕಾರ್ಡ್‌ನಲ್ಲಿ ಕಾಣದ ಡಿಕ್ಕಿಗಳು ಇಲ್ಲಿ ಹೊರಬೀಳುತ್ತವೆ.

ನಮ್ಮ ಕಡೆಯ ಪದಗಳಿಗೆ ಜಾಗ

ಬಟನ್‌ಗೆ ಒಂದೇ ಹೆಸರು, ಆದರೆ ಐಡಿ ಎಡಿಟರ್‌ನ ವಸ್ತುಗಳ ಹುಡುಕಾಟಕ್ಕೆ ಎಷ್ಟು ಬೇಕಾದರೂ ಪರ್ಯಾಯ ಪದ ಸೇರಿಸಬಹುದು. ಅದರ ಅನುವಾದ ಟ್ರಾನ್ಸಿಫೆಕ್ಸ್‌ನಲ್ಲಿ ಬೇರೆ ಯೋಜನೆಯಾಗಿದೆ. ‘ಆಸ್ಪತ್ರೆ’ ಹೆಸರಾಗಿರಲಿ, ‘ದವಾಖಾನೆ’ ಮತ್ತು ‘ದವಾಖಾನಿ’ ಹುಡುಕುಪದವಾಗಿ ಸೇರಲಿ. ‘ಶಾಲೆ’ಗೆ ‘ಸಾಲಿ’, ಬೀದಿಗೆ ‘ಓಣಿ’, ಹಿಟ್ಟಿನ ಗಿರಣಿಗೆ ‘ಗಿರಣಿ’. ‘ಹಳ್ಳ’ ಹೊಡೆದರೆ ‘ಹಳ್ಳಿ’ಯೂ ಪಟ್ಟಿಗೆ ಬರುತ್ತದೆ, ಏಕೆಂದರೆ ಹುಡುಕಾಟ ಪದದ ಆರಂಭವನ್ನು ಹೋಲಿಸುತ್ತದೆ, ಹಳ್ಳದ ಸಾಲಿಗೆ ‘ತೊರೆ’ ಎಂಬುದನ್ನೂ ಸೇರಿಸಿದರೆ ಆರಿಸುವುದು ಸುಲಭ.

ಒಂದನ್ನು ಬಿಡಬಾರದು: ಸಾಮಾನ್ಯ ‘ಕಟ್ಟಡ’ಕ್ಕೆ ‘ಮನೆ’ ಮತ್ತು ‘ಮನಿ’ ಹುಡುಕುಪದವಾಗಲೇಬೇಕು. ಉಪಗ್ರಹ ಚಿತ್ರದಲ್ಲಿ ಚಾವಣಿ ಮಾತ್ರ ಕಾಣುತ್ತದೆ, ಒಳಗೆ ಸಂಸಾರವಿದೆಯೋ ಗೋದಾಮೋ ತಿಳಿಯದು. ಜನ ‘ಮನೆ’ ಹೊಡೆದು ಮೊದಲು ಸಿಕ್ಕಿದ್ದನ್ನು ಆರಿಸಿದರೆ ದನದ ಕೊಟ್ಟಿಗೆಯೂ ವಾಸದ ಮನೆಯಾಗುತ್ತದೆ.

ಯೋಜನೆಯ ಸೂಚನೆಯಲ್ಲಿ ಇಲ್ಲಿನ ನೆಲಕ್ಕೆ ತಕ್ಕ ಸಾಲುಗಳು ಬೇಕು, ಅಲ್ಲಿ ಆಡುಮಾತು ಧಾರಾಳವಾಗಿ ಬರಲಿ. ಬಯಲುಸೀಮೆ ಕಡೆಯ ಮೇಲ್ಮುದ್ದೆ ಮನೆಗಳ ಮಣ್ಣಿನ ಚಾವಣಿ ಅಂಗಳದ ಬಣ್ಣವೇ ಆಗಿರುತ್ತದೆ. ನೆರಳಿನ ಗೆರೆ ಹಿಡಿದು ಅಂಚು ಹುಡುಕಬೇಕು. ಬಣವಿಗಳು ಚಾವಣಿಯಂತೆ ಕಾಣುತ್ತವೆ, ಅವು ಕಟ್ಟಡವಲ್ಲ. ಬ್ಯಾಡಗಿ ಸುತ್ತಮುತ್ತ ಒಣಹಾಕಿದ ಮೆಣಸಿನಕಾಯಿ ಕೆಂಪು ಹಾಸಾಗಿ ಕಂಡರೆ ಅದನ್ನು ಹಂಚಿನ ಮನೆ ಎಂದು ಬರೆಯಬಾರದು.

ಕಡತ ಸೇರಿಸುವಾಗ

ಒಂದೇ ಇಂಗ್ಲಿಷ್ ಪದ ಮೆನುವಿನಲ್ಲಿ ನಾಮಪದವಾಗಿ, ಬಟನ್‌ನಲ್ಲಿ ಕ್ರಿಯೆಯಾಗಿ ಬರುತ್ತದೆ. ಎರಡಕ್ಕೂ ಕೀ ಬೇರೆ ಇದ್ದರೂ ಟ್ರಾನ್ಸಿಫೆಕ್ಸ್‌ನ ಹಳೆಯ ಅನುವಾದ ನೆನಪು ಒಂದೇ ಕನ್ನಡವನ್ನು ಎರಡೂ ಕಡೆ ತುಂಬಲು ಬರುತ್ತದೆ. ತಾನಾಗಿ ತುಂಬುವ ಆಯ್ಕೆ ಬಂದ್ ಮಾಡಿಡಿ, ಪ್ರತಿ ಬಟನ್ ಸಾಲಿಗೆ ಪರದೆಯ ಚಿತ್ರ ಮತ್ತು ‘ಇದು ಬಟನ್’ ಎಂಬ ಟಿಪ್ಪಣಿ ಹಚ್ಚಿ. ಬರೆದವರೇ ಪರಿಶೀಲಿಸಬಾರದು, ಸಾಧ್ಯವಾದರೆ ಒಬ್ಬರು ಈ ಕಡೆಯವರು, ಒಬ್ಬರು ಕರಾವಳಿ ಅಥವಾ ಹಳೇ ಮೈಸೂರು ಕಡೆಯವರು ನೋಡಲಿ. ‘ನಡೆದಿದೆ’ಯಂಥ ಪದಗಳು ಸಿಕ್ಕಿಬೀಳುವುದು ಹಾಗೆಯೇ.

ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಬದಲಾದ ಇಂಗ್ಲಿಷ್ ಸಾಲುಗಳ ಕನ್ನಡ ಖಾಲಿಯಾಗುತ್ತದೆ. ಆಗ ಮೊದಲು ತೆರೆಯಬೇಕಾದ್ದು ಶೀಟಿನ ಮೂರನೆಯ, ನಾಲ್ಕನೆಯ ಕಾಲಂ: ಬಟನ್ ಮಾಡುವ ಕೆಲಸವೇ ಬದಲಾಗಿದ್ದರೆ ಹಳೆಯ ಹೆಸರನ್ನು ವಾಪಸ್ ಅಂಟಿಸದೆ, ಆ ಒಂದು ಕಾರ್ಡನ್ನು ಮತ್ತೆ ಐದು ಜನರ ಕೈಗೆ ಕೊಡಿ.